ಸೂರ್ಯಕಾಂತನ ಪೆಂಗ್ವಿನ್, ಗುರುದೇವಿಯ ಪರಸೋಂ

ಹೈದರಾಬಾದಿನ ಕುಷಾಯಿಗೂಡದ ನಮ್ಮ ಕನ್ನಡ ಸಂಘದಲ್ಲಿ ಸೂರ್ಯಕಾಂತನಿಗೆ ‘ಪೆಂಗ್ವಿನ್’ ಎಂದು ಹೆಸರಿಟ್ಟವಳು ನಾನೇ. ಈಗ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರೆ ಅವನೇ ಒಪ್ಪುತ್ತಿಲ್ಲ. “ಇರ್ಲಿ ಬಿಡ್ರಿ ಟೀಚರ್, ಛಲೋ ಐತಿ” ಎನ್ನುತ್ತಾನೆ. ಗೆದ್ದವನಿಗೆ ಯಾವ ಹೆಸರಾದರೂ ಒಪ್ಪುತ್ತದೆ.

ನಾನು ನಳಿನಿ. ಜಮಖಂಡಿಯಿಂದ ಮದುವೆಯಾಗಿ ಇಲ್ಲಿಗೆ ಬಂದು, ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಹಿಂದಿ ಕಲಿಸಿ, ಈಗ ಸಂಘದ ಕಾರ್ಯದರ್ಶಿಯಾಗಿ ಕೂತವಳು. ತಪ್ಪು ಕಂಡರೆ ತಿದ್ದದೆ ಇರಲಾರೆ. ಅದೇ ನನ್ನ ರೋಗ, ಮತ್ತು ಈ ಕಥೆಯಲ್ಲಿ ದೊಡ್ಡ ತಪ್ಪು ಮಾಡಿದವಳು ನಾನೇ ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸೂರ್ಯಕಾಂತ ಭಾಲ್ಕಿ ಕಡೆಯವನು, ವಯಸ್ಸು ನಲವತ್ತನಾಲ್ಕು, ಕೆಲಸ ಲಿಫ್ಟ್ ರಿಪೇರಿ. ಬೆಳಿಗ್ಗೆ ಎಂಟಕ್ಕೆ ಬೈಕು ಹತ್ತಿ ಊರಿನ ಈ ತುದಿಯಿಂದ ಆ ತುದಿಗೆ, ಮಾದಾಪುರ, ಕೊಂಡಾಪುರದ ಎತ್ತರದ ಕಟ್ಟಡಗಳಿಗೆ ಹೋಗುತ್ತಾನೆ. ನಡುವೆ ನಿಂತುಹೋದ ಲಿಫ್ಟಿನಿಂದ ಬೆವರಿದ ಇಂಜಿನಿಯರುಗಳನ್ನು ಹೊರಗೆ ತೆಗೆಯುತ್ತಾನೆ. “ಅವ್ರು ಜಗತ್ತಿನ ಸಾಫ್ಟ್‌ವೇರ್ ನಡಸ್ತಾರ್ರಿ. ಒಂದು ಬಾಗಲಾ ತಗಿಯಾಕ ನಾ ಬೇಕು” ಎಂದು ನಗುತ್ತಾನೆ. ಯಾವುದೇ ಯಂತ್ರ ಕೆಡಲಿ, ಅವನದು ಮೂರೇ ಪ್ರಶ್ನೆ: ಕಡೆಗೆ ಮುಟ್ಟಿದವರು ಯಾರು, ಏನು ಮಾಡಿದರು, ಯಾವ ತಾರೀಖು? ಲಿಫ್ಟಿನ ಕೆಲಸದಲ್ಲಿ ಪ್ರತಿ ಸಲ ಮುಟ್ಟಿದ್ದನ್ನೂ ರಿಜಿಸ್ಟರಿನಲ್ಲಿ ಬರೆಯಬೇಕಂತೆ. ಅದೇ ಚಾಳಿ ಮನೆಗೂ ಬಂದಿದೆ. “ಸಾರಿಗೆ ಉಪ್ಪು ಹೆಚ್ಚಾದ್ರೂ ತಾರೀಖು ಕೇಳ್ತಾರ್ರಿ ಅಕ್ಕಾ” ಎಂದು ಅವನ ಹೆಂಡತಿ ಸಪ್ನಾ ನನ್ನ ಮುಂದೆ ದೂರಿದ್ದಾಳೆ.

ಇಂಥವನಿಗೆ ಒಂದು ಹುಚ್ಚು, ಕಂಪ್ಯೂಟರ್ ಆಟ. ಅದೂ ಅಳತೆ ಮಾಡಿದ ಹುಚ್ಚು. ಸಂಜೆ ಸ್ನಾನ ಮಾಡಿ, ಸಪ್ನಾ ಧಾರಾವಾಹಿ ನೋಡುವ ಮುಕ್ಕಾಲು ಗಂಟೆ ಮಾತ್ರ ಇವನು ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು ಬಸ್ಸು ಓಡಿಸುತ್ತಾನೆ, ಇಲ್ಲವೇ ಹೊಲ ಉಳುತ್ತಾನೆ. ಆ ಲ್ಯಾಪ್‌ಟಾಪಿನಲ್ಲಿ ಎಲ್ಲರಂತೆ ವಿಂಡೋಸ್ ಇಲ್ಲ, ಲಿನಕ್ಸ್ ಇದೆ. ಕಂಪ್ಯೂಟರನ್ನು ನಡೆಸುವ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ವ್ಯವಸ್ಥೆ ಅದು. ಅದರ ಗುರುತು ಪೆಂಗ್ವಿನ್. ಹೆಸರು ಬಂದದ್ದು ಹಾಗೆ.

ನಾವೆಲ್ಲ ಬೆಳಗಿನ ಚಹಾದ ಜೊತೆ ರಾಜಕೀಯ ಓದಿದರೆ ಇವನು ಸಾಫ್ಟ್‌ವೇರ್ ಸುದ್ದಿ ಓದುತ್ತಾನೆ. ಓದಿ ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಸಂಘದ ಕಟ್ಟೆಯ ಮೇಲೆ ಕೂತು ತೀರ್ಪು ಕೊಡುತ್ತಾನೆ.

“ನಂದು ಮುಕ್ಕಾಲು ತಾಸಿನ ಆಟ ರೀ. ಅದ್ರಾಗ ಅರ್ಧಾ ತಾಸು ‘ದಯವಿಟ್ಟು ಕಾಯಿರಿ’ ಅಂತ ಗಾಲಿ ತಿರುಗಿದ್ರ ನಾ ಆಡೋದು ಯಾವಾಗ? ನನ್ನ ಲಿನಕ್ಸ್ ನನ್ನ ಕೇಳೇ ಅಪ್‌ಡೇಟ್ ಆಗ್ತೈತಿ. ಬ್ಯಾಡ ಅಂದ್ರ ಸುಮ್ನ ಕುಂಡ್ರತೈತಿ. ಮನ್ಯಾಗ ನನ್ನ ಮಾತು ಕೇಳೋದು ಅದೊಂದ.”

“ಹತ್ತು ವರ್ಷದ ಹಿಂದ ಒಂದು ಆಟ ಓಡಸಾಕ ಒಂದು ಆಯ್ತವಾರ ಹೋಗ್ತಿತ್ತು. ಅದು ಸುರು ಆಗೂದ್ರಾಗ ಆಡೋ ಹುಮ್ಮಸ್ಸ ಮುಗೀತಿತ್ತು. ಈಗ ನೋಡ್ರಿ, ಆಟ ಮಾರೋ ದೊಡ್ಡ ಕಂಪನಿನೇ ಕೈಯಾಗ ಹಿಡಿಯೋ ಮಷೀನಿಗೆ ಲಿನಕ್ಸ್ ಹಾಕಿ ಮಾರಾಕತ್ತೈತಿ. ಧರ್ಮಕ್ಕ ಮಾಡ್ಯಾರಂತ ನಾ ಅನ್ನಂಗಿಲ್ಲ. ತಮ್ಮ ಅಂಗಡಿಗೆ ಅವ್ರು ದಾರಿ ಮಾಡ್ಕೊಂಡ್ರು, ಅದ ದಾರ್ಯಾಗ ನಾವೂ ಹೊಂಟೀವಿ.”

ಎಲ್ಲ ಆಟವೂ ಓಡುತ್ತದೆಯೇ ಎಂದು ಕೆಣಕಿದರೆ ಸುಳ್ಳು ಹೇಳುತ್ತಿರಲಿಲ್ಲ. ಆನ್‌ಲೈನಿನಲ್ಲಿ ಗುಂಡು ಹಾರಿಸುವ ಕೆಲವು ಆಟಗಳು ಮೋಸ ತಡೆಯುವ ಕಾವಲಿನ ನೆಪದಲ್ಲಿ ಲಿನಕ್ಸಿನವರನ್ನು ಒಳಗೆ ಬಿಡುವುದಿಲ್ಲವಂತೆ. “ಬ್ಯಾಡ ಬಿಡ್ರಿ. ಕರೀಲಾರದವ್ರ ಮನಿಗೆ ಊಟಕ್ಕ ಹೋಗೂದು ಯಾಕ?” ತಲೆಬರಹದಲ್ಲಿ ಪ್ರಶ್ನೆ ಚಿಹ್ನೆ ಇರುವ ಸುದ್ದಿಯನ್ನು ಅವನು ಓದುವುದೇ ಇಲ್ಲ, ಬರೆದವನಿಗೂ ಗೊತ್ತಿಲ್ಲ ಎಂದು ಅದರ ಅರ್ಥವಂತೆ. ‘ಈ ವರ್ಷ ಲಿನಕ್ಸಿನ ವರ್ಷ’ ಎಂದು ಪ್ರತಿ ಜನವರಿಯಲ್ಲೂ ಯಾರಾದರೂ ಬರೆಯುತ್ತಾರಂತೆ. ಒಂಬತ್ತು ಜನವರಿಗಳಿಂದ ಅದನ್ನು ಓದಿ ನಗುತ್ತಿದ್ದೇನೆ ಎನ್ನುತ್ತಿದ್ದ.

ನಾವು ಇವನನ್ನು ನೋಡಿ ನಗುತ್ತಿದ್ದೆವು. ಹಾಗೇ ನಡೆದುಹೋಗುತ್ತಿತ್ತೋ ಏನೋ, ಸಂಘದ ಚೌಕಾಬಾರದ ಪ್ರಶ್ನೆ ಬರದಿದ್ದರೆ.

ನಮ್ಮ ಸಂಘದ ಮೇಲಿನ ಕೋಣೆಯಲ್ಲಿ ಆರು ಹಳೆಯ ಕಂಪ್ಯೂಟರುಗಳಿವೆ. ಅವುಗಳಲ್ಲಿ ರವಿಶಂಕರ್ ಮಾಡಿದ ಚೌಕಾಬಾರ ಇದೆ. ರವಿಶಂಕರ್ ಇಲ್ಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವರು. ಹದಿನೈದು ವರ್ಷದ ಹಿಂದೆ, ಸಂಘದ ಹಿರಿಯರಿಗಾಗಿ ಆ ಆಟವನ್ನು ಪೂರ್ತಿ ಕನ್ನಡದಲ್ಲಿ ಮಾಡಿಕೊಟ್ಟರು. ಕನ್ನಡಕ ಮರೆತು ಬಂದವರಿಗೂ ಕಾಣಲಿ ಎಂದು ಅಕ್ಷರಗಳನ್ನೂ ತಾವೇ ದಪ್ಪಗೆ ತಿದ್ದಿ ಬರೆದರು. ಕವಡೆ ಬಿದ್ದ ಸದ್ದು, ಕಾಯಿ ನಡೆಯುವ ಸದ್ದು, ಅದರ ಮೇಲೆ ಅವರ ಚೇಷ್ಟೆಯ ಮಾತುಗಳು. ನಿಮ್ಮ ಕಾಯಿಯನ್ನು ಯಾರಾದರೂ ಕಡಿದರೆ ಪರದೆ ಹೇಳುತ್ತದೆ: ‘ಕಾಯಿ ಮನಿಗೆ ಹೋತು. ಬ್ಯಾಸರಾ ಮಾಡ್ಕೋಬ್ಯಾಡ್ರಿ, ಚಾ ಕುಡೀರಿ.’ ಪ್ರತಿ ರಾಜ್ಯೋತ್ಸವಕ್ಕೆ ಅದರ ಪಂದ್ಯ ನಡೆಯುತ್ತದೆ. ರವಿಶಂಕರ್ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಹೆಂಡತಿ ಗುರುದೇವಿ ಆ ಕೋಣೆಯನ್ನು ನೋಡಿಕೊಳ್ಳುತ್ತಾಳೆ. ಪಂದ್ಯದ ಮೊದಲ ಕವಡೆ ಒಗೆಯುವವಳೂ ಅವಳೇ.

ಕಳೆದ ವರ್ಷ, 2025ರ ಸೆಪ್ಟೆಂಬರಿನಲ್ಲಿ, ನವರಾತ್ರಿಗೆ ಮೊದಲು ಸಭೆ ಕೂಡಿತು. ಅಕ್ಟೋಬರಿನಿಂದ ವಿಂಡೋಸ್ ಹತ್ತಕ್ಕೆ ಅಪ್‌ಡೇಟ್ ನಿಲ್ಲುತ್ತದೆ, ಮುಂದಿನ ವಿಂಡೋಸ್ ಹಾಕಲು ನಮ್ಮ ಯಂತ್ರಗಳಿಗೆ ಶಕ್ತಿಯಿಲ್ಲ ಎಂದು ತಿಳಿದಿತ್ತು. ಅಧ್ಯಕ್ಷ ಅಮರೇಶಪ್ಪನವರು ಆರನ್ನೂ ಗುಜರಿ ಕೊಳ್ಳುವ ಕಬಾಡಿಗೆ ಹಾಕಿ, ಕೋಣೆಯಲ್ಲಿ ಅಡುಗೆ ಪಾತ್ರೆ, ಕುರ್ಚಿ ಇಡೋಣ ಎಂದರು. ನಾನು ಹೂಂ ಎಂದೆ. ನಿಜ ಹೇಳುತ್ತೇನೆ, ಕುರ್ಚಿಗಳು ಮಳೆಯಲ್ಲಿ ನೆನೆಯುವುದು ನನಗೆ ಸಾಕಾಗಿತ್ತು. ಗುರುದೇವಿ ಮೂಲೆಯಲ್ಲಿ ತಲೆತಗ್ಗಿಸಿ ಕೂತಿದ್ದಳು.

ಸೂರ್ಯಕಾಂತ ಎದ್ದು ನಿಂತ. “ಕಬಾಡಿಗೆ ಯಾಕ್ರಿ? ಮೊದಲ ಮಿಂಟ್ ಹಾಕ್ತೀನಿ. ಅದರ ಮ್ಯಾಲ ಒಂದೀಟು ವೈನ್ ಹಾಕಿದ್ರ ಆಟ ಓಡ್ತೈತಿ.”

ಅಮರೇಶಪ್ಪನವರು ಹಣೆಯಲ್ಲಿ ವಿಭೂತಿಯಿಲ್ಲದೆ ಗೇಟು ದಾಟುವವರಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. “ಅಲ್ಲೋ ಸೂರ್ಯಕಾಂತ, ಬಸವಣ್ಣನ ಫೋಟೋ ಮುಂದ ನಿಂತು ವೈನ್ ಅಂತೀಯಲ್ಲೋ! ಇದು ಸಂಘ ಐತೋ, ಏನೈತೋ?”

ಮಿಂಟ್ ಎಂದರೆ ಲಿನಕ್ಸಿನ ಒಂದು ಬಗೆ, ವೈನ್ ಎಂದರೆ ವಿಂಡೋಸಿನ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ಸಾಫ್ಟ್‌ವೇರ್ ಎಂದು ತಿಳಿಸಿ ಹೇಳುವಷ್ಟರಲ್ಲಿ ಸೂರ್ಯಕಾಂತನಿಗೆ ಬೆವರಿಳಿಯಿತು. ಕೊನೆಗೆ ಅಧ್ಯಕ್ಷರು ಶರತ್ತು ಹಾಕಿದರು. “ಆತು. ರಾಜ್ಯೋತ್ಸವದ ಮಟ ಟೈಮ್ ಕೊಡ್ತೀವಿ. ಆಟ ಇದ್ದದ್ದು ಇದ್ದಂಗ ಓಡಬೇಕು. ಒಂದು ಅಕ್ಷರ ಹೆಚ್ಚುಕಡಿಮಿ ಆದ್ರೂ ಕಬಾಡಿಯವಗ ಕೊಡೂದ.”

ನಾನು ಆ ವಾರವೇ ಕಬಾಡಿಯವನಿಗೆ ಫೋನು ಮಾಡಿ, ಕಾರ್ಯಕ್ರಮ ಮುಗಿದ ಸೋಮವಾರ ಕೇಳು ಎಂದು ಹೇಳಿಟ್ಟೆ. ಸೂರ್ಯಕಾಂತನ ಮೇಲೆ ನನಗೆ ಅಷ್ಟು ನಂಬಿಕೆ.

ದೀಪಾವಳಿ ರಜೆಯಲ್ಲಿ ಅವನು ಕೋಣೆಯ ಕೀಲಿ ತೆಗೆದುಕೊಂಡ. ಆಟದ ಕಡತಗಳನ್ನು ತನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು ಆರೂ ಯಂತ್ರಗಳನ್ನು ಅಳಿಸಿದ. ಆಮೇಲೆ ಸಿಕ್ಕ ಭಾನುವಾರಗಳಲ್ಲಿ ಒಂದೊಂದಕ್ಕೂ ಲಿನಕ್ಸ್ ಹಾಕಿದ. ಆಟವನ್ನು ಮಾತ್ರ ಕೊನೆಗೆ ಬಿಟ್ಟ. “ಅದೇನ್ರಿ, ಅಂಗೈ ಅಗಲದ ಆಟ” ಎನ್ನುವ ಸೊಕ್ಕು. ನವೆಂಬರ್ ಇಪ್ಪತ್ತಮೂರು, ಭಾನುವಾರ ರಾಜ್ಯೋತ್ಸವದ ಕಾರ್ಯಕ್ರಮ. ಎರಡು ದಿನ ಮೊದಲು, ಶುಕ್ರವಾರ ಸಂಜೆ, ನನ್ನನ್ನೂ ಅಮರೇಶಪ್ಪನವರನ್ನೂ ಕರೆದು ಕೂರಿಸಿ ಬಟನ್ ಒತ್ತಿದ.

ಮೊದಲು ಅಧ್ಯಕ್ಷರು ಚಹಾ ಕುಡಿದು ಮುಗಿಸುವ ತನಕ ಏಳದಿದ್ದ ಯಂತ್ರ ಈಗ ಅವರು ಊದಿ ಆರಿಸುವಷ್ಟರಲ್ಲಿ ಎದ್ದು ಕೂತಿತು. ಚೌಕದ ಮನೆ ಬಂತು. ಕವಡೆ ಉರುಳಿದ ಸದ್ದೂ ಬಂತು. ನನಗೇ ಒಂದು ಕ್ಷಣ ಖುಷಿಯಾಯಿತು. ಆಮೇಲೆ ಅಕ್ಷರ ಬಂದವು.

ಕನ್ನಡವಲ್ಲ. ತಲೆಯ ಮೇಲೆ ಚುಕ್ಕಿ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು. ಹಳೆಯ ಕನ್ನಡ ಕಡತ ತೆರೆದ ಯಾರಿಗಾದರೂ ಇದರ ಪರಿಚಯವಿದೆ. ಸೂರ್ಯಕಾಂತ ಕಡತಗಳನ್ನು ತಡಕಾಡಿದ.

“ಆಟ ತಗೊಂಡೆ, ಅಕ್ಷರ ಮರತೆ” ಎಂದ. ರವಿಶಂಕರ್ ತಿದ್ದಿದ ಅಕ್ಷರಗಳು, ಅಂದರೆ ಫಾಂಟು, ಆಟದ ಜೊತೆ ಇರದೆ, ವಿಂಡೋಸಿನೊಳಗೆ ಬೇರೆ ಕಡೆ ಇದ್ದವಂತೆ. ಅವನೇ ಅಳಿಸಿಬಿಟ್ಟಿದ್ದ. ಅಂತರ್ಜಾಲದಲ್ಲಿ ಸಿಕ್ಕ ಬೇರೆ ಹಳೆಯ ಅಕ್ಷರಗಳನ್ನು ತಂದು ಹಾಕಿದ. ರವಿಶಂಕರ್ ತಮಗೆ ಬೇಕಾದಂತೆ ಜೋಡಿಸಿಕೊಂಡಿದ್ದರಿಂದ ಅವು ಹೊಂದಲಿಲ್ಲ. ಕಾಯಿ ನಡುಮನೆ ಮುಟ್ಟಿದಾಗ ‘ಹಣ್ಣಾತು’ ಎಂದು ಬರಬೇಕಾದಲ್ಲಿ ‘ಹುಣ್ಣಾತು’ ಎಂದು ಬಂತು.

ಅಮರೇಶಪ್ಪನವರು ಎದ್ದರು. ಅವರು ಬೈಯಲಿಲ್ಲ, ಅದು ಇನ್ನೂ ಕೆಟ್ಟದ್ದು. “ನಾಳೆ ಮಧ್ಯಾಹ್ನದ ಮಟ ನೋಡು. ಆಗಲಿಲ್ಲಂದ್ರ ಕುರ್ಚಿ ಮ್ಯಾಲ ತರಾಕ ಹೇಳ್ತೀನಿ” ಎಂದು ಇಳಿದು ಹೋದರು.

ಶನಿವಾರ ಬೆಳಿಗ್ಗೆ ನಾನು ಹೋದಾಗ ಸೂರ್ಯಕಾಂತ ರಜೆ ಹಾಕಿ ಕೂತಿದ್ದ. ನನಗೆ ಅವನ ಮೇಲೆ ಸಿಟ್ಟಿರಲಿಲ್ಲ, ಸಂಕಟವಿತ್ತು. ಗುರುದೇವಿಗೆ ಏನು ಹೇಳುವುದು? ಅವಳು ನೆಂಟರ ಮದುವೆಗೆಂದು ಬೀದರಿಗೆ ಹೋಗಿದ್ದಳು, ಭಾನುವಾರ ಬೆಳಿಗ್ಗೆ ಬರುವವಳು. ಫೋನು ಸಿಗುತ್ತಿರಲಿಲ್ಲ. ಗಂಡನ ಅಕ್ಷರ ಹೋಯಿತು ಎಂದು ಹೇಳುವ ಕೆಲಸ ಕಾರ್ಯದರ್ಶಿಯ ತಲೆಗೇ ಬರುವಂಥದ್ದು.

ಸೂರ್ಯಕಾಂತ ತನ್ನ ಮೂರು ಪ್ರಶ್ನೆ ಶುರು ಮಾಡಿದ. “ನಾ ಅಳಸೋಕಿಂತ ಮೊದಲ ಈ ಮಷೀನ ಕಡೀಕ ಮುಟ್ಟಿದವ್ರು ಯಾರ್ರಿ?”

“ಗುರುದೇವಿನೇ ಇರಬೇಕು. ಬುಧವಾರ ಮಾತಾಡಿದ್ದೆ. ಆಫೀಸಿನ ಡ್ರಾಯರ್‌ದಾಗ ಒಂದು ಪೆನ್‌ಡ್ರೈವ್ ಇತ್ತು. ಮೈಕ್ ಸೆಟ್‌ನ ಬೂದೆಪ್ಪಗ ಹಾಡು ಹಾಕಾಕ ಒಂದು ಬೇಕಾಗಿತ್ತು, ಕೊಡ್ಲೇನು ಅಂತ ಕೇಳಿದೆ. ಮಷೀನಿನಾಗಿಂದು ಎಲ್ಲಾ ಮೊನ್ನೆ ಅದರಾಗ ಹಾಕಿಟ್ಟೀನಿ ಅಂದ್ಳು, ಅಷ್ಟರಾಗ ಲೈನ್ ಕಟ್ ಆತು. ಅದು ಉಪಯೋಗ ಇಲ್ಲ ಬಿಡು. ಮೊನ್ನೆ ಹಾಕಿಟ್ಟದ್ದು. ನೀ ಅಳಸಿ ತಿಂಗಳಾತು. ಅದಕ್ಕ ಇದ್ದದ್ದೆಲ್ಲ ತಗದು ಹಾಡು ತುಂಬು ಅಂತ ಬೂದೆಪ್ಪಗ ಕೊಟ್ಟುಬಿಟ್ಟೆ.”

“ಮೊನ್ನೆ ಅಂದ್ರ? ಅವ್ರು ಆಡಿದ್ದ ಮಾತ ಹೇಳ್ರಿ ಟೀಚರ್.”

“ಪರಸೋಂ ಅಂದ್ಳು.”

ಅವನು ಕುರ್ಚಿಯಿಂದ ಜಿಗಿದ. ಕುರ್ಚಿ ಹಿಂದೆ ಬಿತ್ತು. “ಪರಸೋಂ ಅಂದ್ರ ಮೊನ್ನೆ ಅಲ್ರೀ!”

ನನಗೆ ಸಿಟ್ಟು ಬಂತು. ಹಿಂದಿಯಲ್ಲಿ ಪರಸೋಂ ಎಂದರೆ ಹಿಂದಿನದಾದರೆ ಮೊನ್ನೆ, ಮುಂದಿನದಾದರೆ ನಾಡಿದ್ದು. ಇಪ್ಪತ್ತೆಂಟು ವರ್ಷ ಇದನ್ನೇ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ, ಬರೆಯದವರಿಂದ ನೂರು ಸಲ ಬರೆಸಿದ್ದೇನೆ. ಅದನ್ನೇ ಅವನಿಗೂ ಹೇಳಿದೆ.

“ಅದು ನಿಮ್ಮ ಪುಸ್ತಕದ ಪರಸೋಂ. ಗುರುದೇವಕ್ಕ ಕಾಚಿಗೂಡದಾಗ ಹುಟ್ಟಿ ಬೆಳದವ್ರು. ಹೈದರಾಬಾದಿನಾಗ ನಿಜಾಮನ ಕಾಲದಿಂದ ನಿನ್ನೆ ಮಟ ಎಲ್ಲಾ ಪರಸೋಂನ ರೀ, ಮುಂದ ಎಂದೋ ಬರೋದೂ ಪರಸೋಂನ! ಕೊಂಡಾಪುರದಾಗ ಒಬ್ಬ ವಾಚ್‌ಮನ್ ‘ಲಿಫ್ಟ್ ಪರಸೋಂ ಬಂದ್ ಹುವಾ’ ಅಂದ. ನಾ ಎರಡು ದಿನದ ರಿಜಿಸ್ಟರ್ ತಿರುವಿ ತಿರುವಿ ಸತ್ತೆ. ಅದು ನಿಂತದ್ದು ಸಂಕ್ರಾಂತಿಗೆ! ಮತ್ತ ದೀಪಾವಳಿಯಿಂದ ಈ ಖೋಲಿ ಕೀಲಿ ನನ್ನ ಕಿಸೇದಾಗ ಐತಿ. ಮೊನ್ನೆ ಅವ್ರು ಒಳಗ ಬರೋದು ಹ್ಯಾಂಗ?”

ಕೀಲಿಯ ಮಾತು ಸರಿಯಾಗಿತ್ತು. ಗುರುದೇವಿ ಅಳಿಸುವುದಕ್ಕೆ ಮೊದಲೇ ನಕಲು ಮಾಡಿದ್ದಳು. ಅದನ್ನು ನಾನೇ ನನ್ನ ಕೈಯಾರೆ ಕೊಟ್ಟು, ಅಳಿಸು ಎಂದು ಹೇಳಿ ಬಂದಿದ್ದೆ.

ಬೂದೆಪ್ಪನಿಗೆ ಫೋನು ಹಚ್ಚಿದೆ. “ಬೂದೆಪ್ಪಾ, ಹಾಡು ಹಾಕಿದೇನಪ್ಪಾ?”

“ಹೋಗಯಾ ರೀ ಟೀಚರ್! ಯಾವಾಗೋ ಆಗೇತಿ! ನೀವು ಏನೂ ಕಾಳಜಿ ಮಾಡಬ್ಯಾಡ್ರಿ!”

ನಾನು ಅಲ್ಲೇ ಕೂತುಬಿಟ್ಟೆ. ಸೂರ್ಯಕಾಂತ ಮಾತ್ರ ಬೈಕಿನ ಕೀಲಿ ಹುಡುಕುತ್ತಿದ್ದ. “ಏಳ್ರಿ. ‘ಹೋಗಯಾ’ನೂ ಹೈದರಾಬಾದಿಂದ ಐತಿ, ನಂಬಬ್ಯಾಡ್ರಿ” ಎಂದ.

ಅರವತ್ತೆರಡನೇ ವಯಸ್ಸಿನಲ್ಲಿ ಅವನ ಬೈಕಿನ ಹಿಂದೆ ಸೆರಗು ಬಿಗಿಹಿಡಿದು ಕೂತು ಮಾರ್ಕೆಟ್ಟಿನ ಹಿಂದಿನ ಬೂದೆಪ್ಪನ ಅಂಗಡಿಗೆ ಹೋದೆ. ಬೂದೆಪ್ಪ ಯಾದಗಿರಿ ಕಡೆಯಿಂದ ಬಂದವರ ಮಗ, ಹುಟ್ಟಿದ್ದು ಇಲ್ಲೇ. ವೈರು ಸುತ್ತುತ್ತಿದ್ದವನು ನಮ್ಮನ್ನು ಕಂಡು ಎದ್ದು ನಿಂತ. ಎಲ್ಲಪ್ಪಾ ಪೆನ್‌ಡ್ರೈವ್ ಎಂದೆ. ಅವನು ನನ್ನ ಮುಖ ನೋಡಿದ, ನೆಲ ನೋಡಿದ. ಹಲಗೆಯ ಮುಂದೆ ನಿಂತ ಎಷ್ಟೋ ಮಕ್ಕಳಲ್ಲಿ ಆ ನೋಟವನ್ನು ಕಂಡಿದ್ದೇನೆ.

“ಸಿಟ್ಟಾಗಬ್ಯಾಡ್ರಿ ಟೀಚರ್. ಇನ್ನ ಮಾಡಿಲ್ರಿ. ಇವತ್ತ ಸಂಜೀಕ ಮಾಡಾಂವ ಇದ್ದೆ.” ಅಂಗಿಯ ಕಿಸೆಯಿಂದ, ಮಡಿಚಿದ ಬಸ್ ಟಿಕೆಟುಗಳ ನಡುವಿನಿಂದ, ಪೆನ್‌ಡ್ರೈವ್ ತೆಗೆದು ಕೊಟ್ಟ. ನಾನು ಕೊಟ್ಟಾಗಿನಿಂದ ಅದು ಆ ಕಿಸೆ ಬಿಟ್ಟು ಅಲುಗಿರಲಿಲ್ಲ.

ಹೋಂವರ್ಕ್ ಮಾಡದೆ ಬಂದ ಒಬ್ಬನನ್ನೂ ನಾನು ಇಪ್ಪತ್ತೆಂಟು ವರ್ಷದಲ್ಲಿ ಸುಮ್ಮನೆ ಬಿಟ್ಟವಳಲ್ಲ. ಅಂದು ಬೂದೆಪ್ಪನ ಬೆನ್ನು ತಟ್ಟಿ “ಶಹಬ್ಬಾಸ್ ಮಗನ!” ಎಂದೆ. ಅವನು ಇಂದಿಗೂ ನನ್ನನ್ನು ಕಂಡರೆ ಸ್ವಲ್ಪ ಹೆದರುತ್ತಾನೆ.

ಸಂಘಕ್ಕೆ ಬಂದು ಪೆನ್‌ಡ್ರೈವ್ ಸಿಕ್ಕಿಸಿದರೆ ಅದರಲ್ಲಿ ಒಂದೇ ಒಂದು ಫೋಲ್ಡರ್. ಹೆಸರು: ‘ಇವರದು’. ಗಂಡನ ಹೆಸರನ್ನು ಗುರುದೇವಿ ಬಾಯಲ್ಲಿ ಎಂದೂ ಹೇಳಿದವಳಲ್ಲ, ಟೈಪು ಮಾಡುವಾಗಲೂ ಬರೆದಿರಲಿಲ್ಲ. ಕಬಾಡಿಯ ಮಾತು ಕೇಳಿ, ಯಾರಿಗೂ ಹೇಳದೆ, ಏನು ಬೇಕು ಏನು ಬೇಡ ತಿಳಿಯದೆ, ಆ ಯಂತ್ರದಲ್ಲಿದ್ದ ಒಂದೊಂದು ಕಡತವನ್ನೂ ಬಾಚಿ ತುಂಬಿಟ್ಟಿದ್ದಳು. ಅದರೊಳಗೆ ಅಕ್ಷರಗಳೂ ಇದ್ದವು.

“ತಾರೀಖು ನೋಡ್ರಿ” ಎಂದ ಸೂರ್ಯಕಾಂತ. ಸೆಪ್ಟೆಂಬರ್ ಇಪ್ಪತ್ತೆಂಟು. ಗುರುದೇವಿಯ ಪರಸೋಂ ಎಂದರೆ ನವರಾತ್ರಿ.

ಅಕ್ಷರಗಳನ್ನು ವೈನಿನ ಜಾಗಕ್ಕೆ ಹಾಕಿ ಆಟ ತೆರೆದ. ಪರದೆಯ ಮೇಲೆ, ದಪ್ಪಗೆ, ದುಂಡಗೆ, ಕನ್ನಡಕವಿಲ್ಲದ ನನಗೂ ಕಾಣುವಂತೆ ಬಂತು: ‘ಬರ್ರಿ, ಕುಂಡರ್ರಿ, ಕವಡಿ ಒಗೀರಿ.’ ಸೂರ್ಯಕಾಂತ ಎರಡೂ ಕೈ ಮೇಲೆತ್ತಿ ಕೂಗಿದ ಕೂಗಿಗೆ ಕೆಳಗೆ ಕುರ್ಚಿ ಎಣಿಸುತ್ತಿದ್ದ ಅಮರೇಶಪ್ಪನವರು ಮೆಟ್ಟಿಲು ಹತ್ತಿ ಓಡಿ ಬಂದರು.

ಭಾನುವಾರ ಬೀದರಿನಿಂದ ನೇರ ಸಂಘಕ್ಕೇ ಬಂದ ಗುರುದೇವಿ ಮೊದಲ ಕವಡೆ ಒಗೆದಳು. ಬಾರಾ ಬಿತ್ತು, ಎಂಟು! ಪರದೆಯ ಮೇಲೆ ಮೂಡಿದ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿ, “ಇವ್ರ ಅಕ್ಷರ ಹಂಗ ಅದಾವ” ಎಂದಳು. ಅಷ್ಟೇ ಹೇಳಿದ್ದು. ನನ್ನ ಪೆನ್‌ಡ್ರೈವಿನ ಕಥೆ ಕೇಳಿದ ಮೇಲೆ ಮಾತ್ರ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಪರಸೋಂ ಅಂದ್ರ ಪರಸೋಂ ಅಲ್ರೀ ಟೀಚರ್, ಅದ್ರಾಗ ತಿಳೀಲಾರದ್ದು ಏನೈತಿ?”

ಕೊನೆಯ ಪಂದ್ಯ ಅಮರೇಶಪ್ಪನವರಿಗೂ ಸಪ್ನಾಗೂ. ಹಣ್ಣಾಗಲು ಎರಡೇ ಮನೆಯಿದ್ದ ಅಧ್ಯಕ್ಷರ ಕಾಯಿಯನ್ನು ಸಪ್ನಾ ಕಡಿದಳು. ‘ಕಾಯಿ ಮನಿಗೆ ಹೋತು. ಬ್ಯಾಸರಾ ಮಾಡ್ಕೋಬ್ಯಾಡ್ರಿ, ಚಾ ಕುಡೀರಿ’ ಎಂದಿತು ಪರದೆ. ಕೋಣೆಯೆಲ್ಲ ಹೋ ಎಂದಿತು. ಅಮರೇಶಪ್ಪನವರು ವಿಭೂತಿಯ ಹಣೆ ಚಚ್ಚಿಕೊಂಡು, “ಸೂರ್ಯಕಾಂತಾ, ಇನ್ನೊಂದೀಟು ವೈನ್ ಹಾಕೋ!” ಎಂದು ಬಸವಣ್ಣನ ಫೋಟೋದ ಮುಂದೆಯೇ ಕೂಗಿದರು.

ಬಹುಮಾನದ ಹೊತ್ತಿಗೆ ಸೂರ್ಯಕಾಂತನಿಗೆ ಶಾಲು ಹೊದಿಸಿ ಮೈಕು ಕೊಟ್ಟೆವು. ಅವನು ಮೈಕನ್ನು ಒಮ್ಮೆ ತಟ್ಟಿ ನೋಡಿದ. ಆಮೇಲೆ ಹೇಳಿದ: “ಈ ವರ್ಷ ಲಿನಕ್ಸಿನ ವರ್ಷ ಅಂತ ಪ್ರತಿ ಜನವರಿ ಬರೀತಾರ್ರಿ. ನಾ ಎಂದೂ ನಂಬಿದಾಂವ ಅಲ್ಲ. ಇವತ್ತ ನಾನ ಹೇಳ್ತೀನಿ. ಕುಷಾಯಿಗೂಡದಾಗ, ಈ ಖೋಲ್ಯಾಗ, ಆರು ಮಷೀನಿನ ಮಟ್ಟಿಗೆ, ಈ ವರ್ಷ ಲಿನಕ್ಸಿನ ವರ್ಷ!” ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಾನು.

ಸೋಮವಾರ ಬೆಳಿಗ್ಗೆ ಕಬಾಡಿಯವನು ಹೇಳಿದ ಮಾತಿಗೆ ಸರಿಯಾಗಿ ಫೋನು ಮಾಡಿದ. ಕಂಪ್ಯೂಟರುಗಳನ್ನು ಒಯ್ಯಲು ಯಾವಾಗ ಬರಲಿ ಎಂದು ಕೇಳಿದ.

“ಪರಸೋಂ ಆವೋ ಭಾಯಿ” ಎಂದೆ.